ಹೀಟರ್ ಮೂರರಲ್ಲಿರಲಿ, ಸಾರು ಕುದಿಯಲಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಮಾತಾಡುವಾಗಲೇ ಗೊತ್ತಾಯಿತು, ಹೀಟರ್ ವಿಷಯಕ್ಕೆ ಇಬ್ಬರೂ ಮುಖ ಊದಿಸಿಕೊಂಡಿದ್ದೀರಿ ಅಂತ. ನಿನಗೆ ಅದರ ತಿರುಪನ್ನು ಐದಕ್ಕೆ ತಿರುಗಿಸಬೇಕು, ಅಳಿಯಂದಿರಿಗೆ ಎರಡೇ ಸಾಕು. ನಿನ್ನ ಅಪ್ಪನಿಗೆ ಆಷಾಢದ ಮಳೆಯಲ್ಲೂ ಫ್ಯಾನ್ ಬೇಕು, ನನಗೆ ಕಂಬಳಿ ಬೇಕು. ಒಬ್ಬೊಬ್ಬರ ಮೈ ಒಂದೊಂದು ಥರ. ಚಳಿ ಅಂದವರಿಗೆ ನಿಜವಾಗಿಯೂ ಚಳಿ ಆಗುತ್ತಿರುತ್ತದೆ, ಸೆಖೆ ಅಂದವರಿಗೂ ಹಾಗೆಯೇ. ಇದರಲ್ಲಿ ಯಾರದ್ದೂ ಹಟ ಇಲ್ಲ ಅಂತ ಮೊದಲು ಇಬ್ಬರೂ ಒಪ್ಪಿಕೊಳ್ಳಿ.

ನಾನು ಜರ್ಮನಿಗೆ, ನಿಮ್ಮ ಸ್ಟುಟ್‌ಗಾರ್ಟಿಗೆ ಬಂದಿದ್ದಾಗ ನಿಮ್ಮ ಮನೆ ಓನರಮ್ಮ ಹೀಟರಿನ ತಿರುಪು ತೋರಿಸಿ ಹೇಳಿದ್ದನ್ನು ನೀನೇ ನನಗೆ ಬಿಡಿಸಿ ಹೇಳಿದ್ದೆ. ಮೂರು ಅಂದರೆ ಸುಮಾರು 20 ಡಿಗ್ರಿ. ಒಂದು ಅಂಕಿ ಆಚೀಚೆ ಮಾಡಿದರೆ ನಾಲ್ಕು ಡಿಗ್ರಿಯಷ್ಟು ವ್ಯತ್ಯಾಸ. ಐದಕ್ಕೆ ಇಟ್ಟರೆ ಕೋಣೆ ಬೇಗ ಏನೂ ಬಿಸಿಯಾಗುವುದಿಲ್ಲ. 28 ಡಿಗ್ರಿ ಮುಟ್ಟುವ ತನಕ ಬಿಸಿಯಾಗುತ್ತಲೇ ಇರುತ್ತದೆ, ಬಿಲ್ಲು ಏರುತ್ತದೆ, ಅಷ್ಟೇ. ಅದಕ್ಕೇ ಕೂತು ಕೆಲಸ ಮಾಡುವ ಕೋಣೆಗೆ ಮೂರು ಇಡಿ, ಮಲಗುವ ಕೋಣೆಗೆ ಎರಡು. ಅಲ್ಲಿನ ಗಂಡ ಹೆಂಡತಿ ಬೇರೆ ಬೇರೆ ರಜಾಯಿ ಹೊದ್ದುಕೊಳ್ಳುತ್ತಾರಲ್ಲ, ಅದು ನನಗೆ ತುಂಬಾ ಹಿಡಿಸಿತು. ನೀನೂ ಒಂದು ದಪ್ಪನೆಯದು ತಗೋ.

ಕಿಟಕಿ ಮಾತ್ರ ಮರೆಯಬೇಡ. ಚಳಿ ಅಂತ ಮುಚ್ಚಿಟ್ಟರೆ ಅಡುಗೆಯ ಹಬೆ, ಸ್ನಾನದ ಹಬೆ, ಒಳಗೇ ಒಣಗಿಸಿದ ಬಟ್ಟೆಯ ತೇವ ಎಲ್ಲ ತಣ್ಣಗಿರುವ ಹೊರಗೋಡೆಗೆ ಹೋಗಿ ಕೂರುತ್ತದೆ. ಆಮೇಲೆ ಬೂಷ್ಟು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟು ಬೆಳ್ಳಗಾಗುವುದು ನೀನು ನೋಡಿಯೇ ಬೆಳೆದವಳು, ಅಲ್ವಾ? ಕಿಟಕಿಯನ್ನು ದಿನವಿಡೀ ಅರೆಬರೆ ತೆರೆದಿಡುವುದಕ್ಕಿಂತ ಬೆಳಿಗ್ಗೆ ಸಂಜೆ ಐದೈದು ನಿಮಿಷ ಪೂರ್ತಿ ತೆಗೆದು ಮುಚ್ಚುವುದು ಒಳ್ಳೆಯದು. ಆ ಹೊತ್ತಿಗೆ ಹೀಟರ್ ಆರಿಸಿರು. ಬಟ್ಟೆ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆ.

ಇನ್ನು ಊಟ. ಕೆಲಸ ಮುಗಿಸಿ ಬಂದು ತಣ್ಣನೆ ಬ್ರೆಡ್ಡು ತಿಂದು ಮಲಗುತ್ತೇನೆ ಅಂದೆಯಲ್ಲ, ಅದು ನನಗೆ ಹೀಟರ್ ಜಗಳಕ್ಕಿಂತ ಜಾಸ್ತಿ ಕೊರೆಯುತ್ತಿದೆ. ಮೆಣಸಿನ ಸಾರಿಗೆ ಕಾಲು ಗಂಟೆ ಸಾಕು. ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು ತರಿತರಿಯಾಗಿ ಕುಟ್ಟು. ಪುಡಿ ನುಣ್ಣಗಾದರೆ ಸಾರು ಮಡ್ಡಿಯಾಗುತ್ತದೆ. ಹುಣಸೆಹಣ್ಣಿನ ರಸ ತೆಳ್ಳಗೆ ಮಾಡಿ, ಉಪ್ಪು, ಚೂರು ಬೆಲ್ಲ ಹಾಕಿ ಹಸಿ ವಾಸನೆ ಹೋಗುವ ತನಕ ಕುದಿಸು. ಕುಟ್ಟಿದ್ದನ್ನು ಕೊನೆಗೆ ಹಾಕಿ ಒಂದೇ ಕುದಿ ಬರಿಸು. ಮೇಲೆ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಅಷ್ಟರಲ್ಲಿ ಕುಕ್ಕರಿನಲ್ಲಿ ಅನ್ನ ಆಗಿರುತ್ತದೆ. ಮೊದಲು ಒಂದು ಲೋಟ ಹಾಗೇ ಕುಡಿ, ಕಿವಿ ತನಕ ಬೆಚ್ಚಗಾಗುತ್ತದೆ.

ದೋಸೆ ಹಿಟ್ಟು ಹುಳಿ ಬರುವುದಿಲ್ಲ ಅಂತ ಅಳಬೇಡ. ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ. ರುಬ್ಬಿದ ಮೇಲೆ ಅವನ್ ಹಚ್ಚದೆ, ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಅದರೊಳಗೆ ಇಡು. ಪಾತ್ರೆ ಅರ್ಧದಷ್ಟೇ ತುಂಬಿರಲಿ, ಉಕ್ಕಿದರೆ ತೊಳೆಯುವುದು ಕಷ್ಟ. ದೋಸೆ ಮಾಡಿದ ದಿನ ಅಳಿಯಂದಿರೇ ಹುಯ್ಯಲಿ, ಕಾವಲಿ ಮುಂದೆ ನಿಲ್ಲುವುದಕ್ಕೆ ಅವರಿಗೆ ಎರಡರ ಚಳಿಯೇ ಸರಿ.

ಸಾರಿನ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದೇನೆ. ಅಲ್ಲಿಗೆ ಬರುವವರು ಯಾರಾದರೂ ಇದ್ದರೆ ತಿಳಿಸು, ಕೊಟ್ಟು ಕಳಿಸುತ್ತೇನೆ. ಭಾನುವಾರ ಫೋನ್ ಮಾಡು, ಏನು ಅಡುಗೆ ಅಂತ ಹೇಳು.

ಇಂತಿ ನಿನ್ನ
ಅಮ್ಮ