ಮಗಳಿಗೊಂದು ಪತ್ರ: ನೀರು ಕೇಳಿದ ಹುಡುಗ

ಪ್ರೀತಿಯ ಪುಟ್ಟಿ,

ಭಾನುವಾರ ಕ್ಲಿಂಟ್ ಈಸ್ಟ್‌ವುಡ್‌ನ ಕೌಬಾಯ್ ಸಿನಿಮಾ ‘ಅನ್‌ಫರ್ಗಿವನ್’ ನೋಡಿ ಮುಗಿಸಿದವಳೇ ಫೋನ್ ಮಾಡಿ, “ಇಷ್ಟು ಹೊಗಳಿದೆಯಲ್ಲಮ್ಮ, ಕೊನೆಗೆ ಇದೂ ಹೊಡೆದಾಟದ ಸಿನಿಮಾವೇ ತಾನೆ? ಮುಖ ಕುಯ್ಯಿಸಿಕೊಂಡ ಆ ಹೆಂಗಸನ್ನಂತೂ ಯಾರೂ ಏನೂ ಕೇಳುವುದಿಲ್ಲ” ಎಂದು ನಕ್ಕುಬಿಟ್ಟೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ನಿನ್ನ ಅಪ್ಪ ಬೇರೆ ನೀನು ಹೇಳಿದ್ದೇ ಸರಿ ಎಂಬಂತೆ ತಲೆಯಾಡಿಸಿದರು. ಅವರು ಅರ್ಧಕ್ಕೇ ನಿದ್ದೆ ಹೋದವರು, ಅವರ ಮಾತು ಲೆಕ್ಕಕ್ಕಿಲ್ಲ. ನಾಲ್ಕು ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಆ ಸಿನಿಮಾ ಹಿಡಿದಿಟ್ಟದ್ದು ಒಂದು ಸಾವಿನಿಂದ. ವೇಶ್ಯೆಯೊಬ್ಬಳ ಮುಖ ಕುಯ್ದ ಕೌಬಾಯ್‌ನನ್ನೂ ಅವನ ಜೊತೆಗಿದ್ದವನನ್ನೂ ಕೊಂದವರಿಗೆ ಬಹುಮಾನವಿದೆ, ಅದಕ್ಕಾಗಿ ಮೂವರು ಹೊರಟಿದ್ದಾರೆ. ಕಣಿವೆಯಲ್ಲಿ ಗುಂಡು ತಗುಲಿದ ಡೇವಿ ಎಂಬ ಆ ಜೊತೆಗಾರ ಹುಡುಗ ಬಂಡೆಯ ಮರೆಗೆ ತೆವಳಿಕೊಂಡು ಹೋಗುತ್ತಾನಲ್ಲ, ಆ ದೃಶ್ಯ. ಬಾಯಾರಿಕೆ ಎಂದು ಅವನು ಗೋಗರೆಯುತ್ತಾನೆ. ಜೊತೆಗಾರರು ಜೀವಭಯದಿಂದ ಕದಲುವುದಿಲ್ಲ. ಆಗ ಗುಂಡು ಹೊಡೆದ ಹಳೆಯ ಕೊಲೆಗಾರ ವಿಲ್ ಮನ್ನಿಯೇ ಮೇಲಿನಿಂದ ಕೂಗುತ್ತಾನೆ, ಅವನಿಗೆ ನೀರು ಕೊಡಿರಯ್ಯಾ, ನಾವು ಹೊಡೆಯುವುದಿಲ್ಲ ಎಂದು. ಮೂವತ್ತೊಂದು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ಮೈಯಿಂದ ರಕ್ತ ಹೋದವರು ನೀರು ನೀರು ಎನ್ನುತ್ತಾರೆ. ಆಪರೇಷನ್ ಆಗಬೇಕಿರುವವರಿಗೆ ನಾವು ಕೊಡುವಂತಿರಲಿಲ್ಲ. ಒದ್ದೆ ಹತ್ತಿಯಲ್ಲಿ ತುಟಿ ಒರೆಸುತ್ತಿದ್ದೆವು, ಅಷ್ಟೆ. ನಾನು ಚಿಕ್ಕವಳಿದ್ದಾಗ ನೋಡಿದ ಕೌಬಾಯ್ ಸಿನಿಮಾಗಳಲ್ಲಿ ಗುಂಡು ತಿಂದವನು ಎದೆ ಹಿಡಿದುಕೊಂಡು ಚಾವಣಿಯಿಂದ ಉರುಳಿದರೆ ಮುಗಿಯಿತು, ಯಾರೂ ಅವನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಇಲ್ಲಿ ಒಬ್ಬ ಸಾಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾವೂ ಕಾಯಬೇಕು.

ಕೊಂದವರ ಗತಿಯನ್ನೂ ನೋಡು. ಮನ್ನಿಯ ಹಳೆಯ ಗೆಳೆಯ ನೆಡ್ ಲೋಗನ್‌ಗೆ ಬಂದೂಕಿನ ಕುದುರೆ ಎಳೆಯಲು ಕೈ ಬರುವುದಿಲ್ಲ, ಮನೆಗೆ ಹೊರಡುತ್ತಾನೆ. ಐದು ಜನರನ್ನು ಕೊಂದಿದ್ದೇನೆ ಎಂದು ಕೊಚ್ಚಿಕೊಂಡ ಮೂರನೆಯವ, ಸ್ಕೋಫೀಲ್ಡ್ ಕಿಡ್ ಎಂಬ ಹುಡುಗನಿಗೆ ದೂರದ್ದು ಕಣ್ಣಿಗೇ ಕಾಣುವುದಿಲ್ಲ. ಕಕ್ಕಸಿನಲ್ಲಿ ಕುಳಿತವನನ್ನು ಕೊಂದು ಬಂದು ಮರದಡಿಯಲ್ಲಿ ಕುಡಿಯುತ್ತ ಅಳುತ್ತಾನೆ. ಮನುಷ್ಯನನ್ನು ಕೊಂದರೆ ಅವನಲ್ಲಿರುವುದನ್ನೂ ಮುಂದೆ ಇರಬಹುದಾದದ್ದನ್ನೂ ಕಿತ್ತುಕೊಂಡಂತೆ ಎಂದು ಮನ್ನಿ ಹೇಳುವುದು ಅಲ್ಲಿಯೇ. ಅದೇ ಹೊತ್ತಿಗೆ ದೂರದಿಂದ ಒಬ್ಬಳು ಕುದುರೆಯ ಮೇಲೆ ಬಹುಮಾನದ ಹಣ ತರುತ್ತಿರುತ್ತಾಳೆ. ಎಷ್ಟು ನಿಧಾನ!

ಡೇವಿಡ್ ವೆಬ್ ಪೀಪಲ್ಸ್ ಈ ಚಿತ್ರಕಥೆ ಬರೆದದ್ದು 1970ರ ದಶಕದಲ್ಲಿ. ಕ್ಲಿಂಟ್ ಈಸ್ಟ್‌ವುಡ್ ಅದನ್ನು ಕೊಂಡು, ತನಗೆ ವಯಸ್ಸಾಗಲಿ ಎಂದು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ. 1992ರಲ್ಲಿ ಚಿತ್ರ ಬಂದಾಗ ಅವನಿಗೆ 62. ಕಣ್ಣು ಮಿಟುಕಿಸದೆ ಕೊಲ್ಲುವವನ ಪಾತ್ರಗಳಿಂದಲೇ ಹೆಸರಾದ ನಟ ಇಲ್ಲಿ ಮನ್ನಿಯಾಗಿ ಹಂದಿಯ ಕೆಸರಿನಲ್ಲಿ ಬೀಳುತ್ತಾನೆ, ಕುದುರೆ ಹತ್ತಲು ಒದ್ದಾಡುತ್ತಾನೆ, ಡಬ್ಬಕ್ಕೆ ಗುರಿಯಿಟ್ಟರೆ ಗುಂಡು ಎಲ್ಲಿಗೋ ಹೋಗುತ್ತದೆ. ನಿನಗೆ ಹಳೆಯವು ಗೊತ್ತಿಲ್ಲದ್ದರಿಂದ ಇದರ ರುಚಿ ಅರ್ಧ ತಪ್ಪಿಹೋಗಿದೆ, ಅದು ನಿನ್ನ ದೋಷವಲ್ಲ. ಹಾಗೆಯೇ ಆ ಸುದ್ದಿ ಬೆಳೆಯುವ ಬಗೆ: ಕೌಬಾಯ್ ಒಬ್ಬ ಡಿಲೈಲಾ ಎಂಬ ಆ ವೇಶ್ಯೆಯ ಮುಖ ಕುಯ್ದದ್ದು ನಿಜ, ಆದರೆ ಬಾಯಿಂದ ಬಾಯಿಗೆ ಹೋಗುತ್ತ ಅವಳ ಕಣ್ಣು, ಕಿವಿ, ಬೆರಳುಗಳೂ ಹೋಗಿಬಿಡುತ್ತವೆ. ನಮ್ಮ ವಾರ್ಡಿನಿಂದ ಕ್ಯಾಂಟೀನಿಗೆ ಹೋಗುವಷ್ಟರಲ್ಲಿ ಒಂದು ಹೊಲಿಗೆ ಹತ್ತಾಗುತ್ತಿತ್ತು.

ಶೆರಿಫ್ ಲಿಟ್ಲ್ ಬಿಲ್‌ನ ಪಾತ್ರಕ್ಕೆ ಜೀನ್ ಹ್ಯಾಕ್‌ಮನ್‌ಗೆ ಆಸ್ಕರ್ ಬಂತು. ತಾನೇ ಕಟ್ಟಿಕೊಂಡ ಮನೆಯ ಚಾವಣಿ ಸೋರುತ್ತಿದ್ದರೂ ಹೆಮ್ಮೆಪಡುವ ಆ ಮನುಷ್ಯನನ್ನು ಪೂರ್ತಿಯಾಗಿ ದ್ವೇಷಿಸಲು ನನ್ನಿಂದ ಆಗಲಿಲ್ಲ.

ಇನ್ನು ಆ ಹೆಂಗಸಿನ ಬಗೆಗಿನ ನಿನ್ನ ಜಗಳಕ್ಕೆ ಬರುತ್ತೇನೆ. ಡಿಲೈಲಾ ಮಾಡಿದ ತಪ್ಪು ನಕ್ಕದ್ದು. ಅವಳ ಮುಖಕ್ಕೆ ದಂಡವಾಗಿ ಕುದುರೆಗಳು ಹೆಂಡದಂಗಡಿಯ ಯಜಮಾನನಿಗೆ ಸಲ್ಲುತ್ತವೆ. ಉಳಿದ ವೇಶ್ಯೆಯರು ಸಿಟ್ಟಿನಿಂದ ಸಾವಿರ ಡಾಲರ್ ಬಹುಮಾನ ಸಾರುತ್ತಾರೆ. ಇದೇ ಡೇವಿ ಪಶ್ಚಾತ್ತಾಪದಿಂದ ಅವಳಿಗೆಂದೇ ತನ್ನ ಒಳ್ಳೆಯ ಕುದುರೆ ತಂದಾಗ ಅವನ ಮೇಲೆ ಕೆಸರು ಎರಚಿ ಓಡಿಸುತ್ತಾರೆ. ನಿನಗೇನು ಬೇಕಮ್ಮಾ ಎಂದು ಡಿಲೈಲಾಳನ್ನು ಯಾರೂ ಕೇಳುವುದಿಲ್ಲ, ಸಿನಿಮಾವೂ ಕೇಳುವುದಿಲ್ಲ. ಅವಳ ಮುಖವನ್ನು ಒಂದು ಗಳಿಗೆ ತೋರಿಸಿ ಮುಂದೆ ಹೋಗುತ್ತದೆ.

ನೀನು ಹೇಳದ ಇನ್ನೊಂದು ನನ್ನನ್ನು ಕಾಡಿತು. ಮನ್ನಿ ಎರಡು ಪುಟ್ಟ ಮಕ್ಕಳನ್ನು ಕಾಯಿಲೆ ಬಿದ್ದ ಹಂದಿಗಳ ಜೊತೆ ಬಿಟ್ಟು ವ್ಯೋಮಿಂಗ್‌ಗೆ ಹೊರಡುತ್ತಾನೆ. ತೊಂದರೆಯಾದರೆ ನೆಡ್‌ನ ಹೆಂಡತಿ ಸ್ಯಾಲಿ ಟೂ ಟ್ರೀಸ್ ಹತ್ತಿರ ಹೋಗಿ ಎನ್ನುತ್ತಾನೆ. ಆ ಮೂಲನಿವಾಸಿ ಹೆಂಗಸಿಗೆ ಇಡೀ ಚಿತ್ರದಲ್ಲಿ ಒಂದು ಮಾತಿಲ್ಲ. ಮನ್ನಿಯ ಕುದುರೆಗೆ ಕಟ್ಟಿದ ಬಂದೂಕನ್ನು ನೋಡಿದಾಗಲೇ ಅವಳಿಗೆ ಎಲ್ಲ ತಿಳಿದಿದೆ, ಆದರೆ ಗಂಡ ಸತ್ತ ಸುದ್ದಿ ಅವಳಿಗೆ ಹೇಗೆ ತಲುಪಿತೆಂದು ನಾವು ನೋಡುವುದೇ ಇಲ್ಲ. ನೆಡ್ ಕಪ್ಪುಜನಾಂಗದವನು. ಕಥೆ ನಡೆಯುವುದು 1880-81ರಲ್ಲಿ, ಅಮೆರಿಕದಲ್ಲಿ ಗುಲಾಮಗಿರಿ ಹೋಗಿ ಹದಿನೈದು ವರ್ಷ ಅಷ್ಟೆ. ಮನೆಗೆ ಹೊರಟ ಅವನು ಸಿಕ್ಕಿಬಿದ್ದಾಗ ಬಿಳಿಯ ಶೆರಿಫ್ ಅವನ ಬೆನ್ನಿಗೆ ಚಾಟಿಯಲ್ಲಿ ಬಾರಿಸಿ ಕೊಲ್ಲುತ್ತಾನೆ, ಅವನ ಬಣ್ಣದ ಬಗ್ಗೆ ಮಾತ್ರ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಬಣ್ಣ ನೋಡದ ಔದಾರ್ಯ ಇದು ಎಂದು ಮೊದಲ ಸಲ ನೋಡಿದಾಗ ಮೆಚ್ಚಿದ್ದೆ. ಈಗ ಅದು ಜಾಣಮೌನದಂತೆ ಕಾಣುತ್ತದೆ.

ಕೊನೆಯ ಗುಂಡಿನ ಕಾಳಗದ ವಿಷಯದಲ್ಲಿ ನಾನು ಸೋತೆ. ನೆಡ್ ಸತ್ತನೆಂದು ಕೇಳಿ ಮನ್ನಿ ಬಾಟಲಿ ಎತ್ತಿದಾಗ ನಾನು ನೆಟ್ಟಗೆ ಕುಳಿತೆ ಪುಟ್ಟಿ, ಮಳೆಯಲ್ಲಿ ಅವನು ಹೆಂಡದಂಗಡಿಯೊಳಗೆ ಬಂದಾಗ ಹೊಡಿ ಎಂದು ಮನಸ್ಸು ಹೇಳಿತು. ಎರಡು ಗಂಟೆ ಹೇಳಿಕೊಟ್ಟದ್ದನ್ನು ಐದು ನಿಮಿಷದಲ್ಲಿ ಮರೆಸಿಬಿಟ್ಟರು. ಅದು ನಮಗೆ ಬೇಕೆಂದೇ ಒಡ್ಡಿದ ಬಲೆ ಎನ್ನುವವರಿದ್ದಾರೆ. ನಾನು ಮನೆ ಕಟ್ಟುತ್ತಿದ್ದೆ, ಹೀಗೆ ಸಾಯಬಾರದಿತ್ತು ಎಂದು ಬಿಲ್ ಹೇಳುವಾಗ ಅದು ಬಲೆಯೇ ಇರಬಹುದೆಂದು ನನಗೂ ಅನ್ನಿಸಿತು. ಆದರೂ ಆ ಹೆಂಡದಂಗಡಿಯಲ್ಲಿ ಬಿದ್ದವರಲ್ಲಿ ಒಬ್ಬನೂ ನೀರು ಕೇಳಲಿಲ್ಲ. ಹೊರಗೆ ಹೋಗುತ್ತ ನರಳುವವನಿಗೆ ಮನ್ನಿ ಇನ್ನೊಂದು ಗುಂಡು ಹೊಡೆಯುತ್ತಾನೆ, ಕ್ಯಾಮೆರಾ ಅವನ ಹಿಂದೆಯೇ ಹೋಗುತ್ತದೆ.

ದಸರಾ ರಜೆಗೆ ಬಂದಾಗ ಆ ಕುದುರೆಯ ದೃಶ್ಯವನ್ನು ಇನ್ನೊಮ್ಮೆ ಹಾಕೋಣ. ಡಿಲೈಲಾ ಅದನ್ನು ತೆಗೆದುಕೊಳ್ಳಲು ಹೊರಟಿದ್ದಳೇ? ನನಗೆ ಹಾಗೆ ಕಂಡಿತು. ನಿನ್ನ ಅಪ್ಪ ಇಲ್ಲ ಎನ್ನುತ್ತಾರೆ, ಆ ಹೊತ್ತಿಗೆ ಎಚ್ಚರವಿದ್ದರಂತೆ.

ನಿನ್ನ
ಅಮ್ಮ