ಪಿಕಪ್ ಕೊಳ್ಳುವ ಮೊದಲು ಪ್ಲಗ್ ಪಾಯಿಂಟ್ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಹಾಡುವವರ, ನುಡಿಸುವವರ ಬಗ್ಗೆ ಚೆನ್ನಾಗಿ ಬರುತ್ತದೆ. ವಾದ್ಯದ ಹೊಟ್ಟೆಯೊಳಗೆ ಏನಿದೆ ಅಂತ ಬರುವುದು ಕಡಿಮೆ. ಅದಕ್ಕೇ ಈ ಕಾಗದ. ಎಲೆಕ್ಟ್ರಿಕ್ ಗಿಟಾರ್ ಕೊಂಡ ಹುಡುಗರು ಆರು ತಿಂಗಳಾಗುವಷ್ಟರಲ್ಲಿ 'ಪಿಕಪ್ ಬದಲಾಯಿಸಬೇಕು, ಯಾವುದು ತಗೊಳ್ಳಲಿ' ಅಂತ ಶುರು ಮಾಡುತ್ತಾರೆ. ಪಿಕಪ್ ಅಂದರೆ ಗಿಟಾರಿನ ತಂತಿಗಳ ಕೆಳಗೆ ಕೂತು ಅವುಗಳ ಕಂಪನವನ್ನು ಕರೆಂಟಾಗಿ ಬದಲಿಸುವ ಭಾಗ. ನಾನೂ ಹಾಗೇ ಶುರು ಮಾಡಿದವನು, ದುಡ್ಡು ಕಳೆದುಕೊಂಡವನು.

ನನ್ನದು ಸ್ಟ್ರಾಟೊಕಾಸ್ಟರ್ ಮಾದರಿ, ಮೂರು ಸಿಂಗಲ್ ಕಾಯಿಲ್ ಪಿಕಪ್. ಆಂಪ್ಲಿಫೈಯರ್ ಹಾಕಿದರೆ ಸಾಕು, ಗುಂಯ್ ಅನ್ನುತ್ತಿತ್ತು. ನಾನು ಯಾವ ಶ್ರುತಿ ಇಟ್ಟರೂ ಅದು ತನ್ನದೇ ಶ್ರುತಿ ಹಿಡಿದು ಕೂತಿರುತ್ತಿತ್ತು. ಪಿಕಪ್ಪೇ ಸರಿಯಿಲ್ಲ ಅಂದುಕೊಂಡು, ಪಿಕಪ್ಪಿನ ಕಿಲೋ ಓಮ್ (ರೋಧದ ಅಳತೆ) ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಯಾರೋ ಹೇಳಿದ್ದನ್ನು ನಂಬಿ, ದುಬಾರಿ ಸೆಟ್ ತರಿಸಿ ನಾನೇ ಬೆಸುಗೆ ಹಾಕಿದೆ. ಅದೇ ಗುಂಯ್, ಇನ್ನಷ್ಟು ಜೋರಾಗಿ! ಕೊನೆಗೆ ಬೇರೆ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಪ್ಲಗ್ ಪಾಯಿಂಟ್ ಬಿಚ್ಚಿ ತೋರಿಸಿದರು. ಅರ್ಥಿಂಗ್ ತೂತಿನ ಹಿಂದೆ ವೈರೇ ಇಲ್ಲ. ಅದನ್ನು ಎಳೆಸಿದ ಮೇಲೆ ಅರ್ಧಕ್ಕರ್ಧ ಸದ್ದು ಹೋಯಿತು. ಉಳಿದ ಗರಗರ ಫ್ಯಾನ್ ರೆಗ್ಯುಲೇಟರಿನದ್ದು, 5ಕ್ಕೆ ತಿರುಗಿಸಿದರೆ ನಿಲ್ಲುತ್ತಿತ್ತು.

ಸಿಂಗಲ್ ಕಾಯಿಲ್ ಅಂದರೆ ಇಷ್ಟೇ: ಆರು ಅಯಸ್ಕಾಂತದ ಕಡ್ಡಿ, ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿ, ಏಳೆಂಟು ಸಾವಿರ ಸುತ್ತು. ಅದಕ್ಕೆ ಗಿಟಾರಿನ ತಂತಿಯೂ ಕೇಳಿಸುತ್ತದೆ, ಮನೆಯ 50 ಹರ್ಟ್ಸ್ ಕರೆಂಟೂ ಕೇಳಿಸುತ್ತದೆ. ಪೂರ್ತಿ ತಪ್ಪಿಸಲಾಗದು. ಆದರೆ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಇಟ್ಟಿದ್ದರೆ ಅದು ಪಕ್ಕದ ಪಿಕಪ್ ಜೊತೆ ಸೇರಿ ನುಡಿಯುವ ಸ್ವಿಚ್ಚಿನ 2 ಮತ್ತು 4ನೇ ಜಾಗದಲ್ಲಿ ಗುಂಯ್ ಅಡಗುತ್ತದೆ. ಸೆಟ್ ಕೊಳ್ಳುವಾಗ ಮೊದಲು ಕೇಳಬೇಕಾದ್ದು ಇದನ್ನು, ಕಿಲೋ ಓಮ್ ಅಲ್ಲ. ಆ ಅಂಕಿ ತಾಮ್ರದ ತಂತಿಯ ರೋಧವನ್ನಷ್ಟೇ ಹೇಳುತ್ತದೆ. ಇನ್ನೂ ಸಣ್ಣ ತಂತಿ ಹಾಕಿದರೆ ಸುತ್ತು ಅಷ್ಟೇ ಇದ್ದರೂ ಅಂಕಿ ಏರುತ್ತದೆ. ನಿಜವಾಗಿ ಸುತ್ತು ಜಾಸ್ತಿ ಮಾಡಿದರೆ ಸದ್ದು ದಪ್ಪವಾಗಿ, ಗಂಟೆಯಂಥ ಆ ಹೊಳಪು ಮಂಕಾಗುತ್ತದೆ. ಆ ಹೊಳಪು ಬೇಡವಾದರೆ ಸಿಂಗಲ್ ಕಾಯಿಲ್ ಯಾಕೆ, ಗುಂಯ್ ಅಡಗಿಸುವ ಎರಡು ಕಾಯಿಲ್ಲಿನ ಪಿಕಪ್, ಹಂಬಕರ್ರೇ ಹಾಕಿಸಬಹುದು ಅಲ್ವಾ?

ಗಮಕ ನುಡಿಸುವವರಿಗೆ ಇನ್ನೊಂದು ಮಾತು. ಅಯಸ್ಕಾಂತ ತಂತಿಯನ್ನು ಎಳೆಯುತ್ತದೆ. ಪಿಕಪ್ ತೀರಾ ಹತ್ತಿರ ಇದ್ದರೆ ದಪ್ಪ ತಂತಿಯ ಮೇಲಿನ ಮನೆಗಳಲ್ಲಿ ಸ್ವರ ತೊದಲುತ್ತದೆ, ಉದ್ದಕ್ಕೆ ನಿಲ್ಲುವುದಿಲ್ಲ. ತೋಡಿಯ ಗಾಂಧಾರ ಆಡಿಸುವಾಗ ನನ್ನ ಬೆರಳೇ ಸರಿಯಿಲ್ಲ ಅಂತ ಎಷ್ಟು ದಿನ ಕೊರಗಿದ್ದೆ! ಪಿಕಪ್ಪಿನ ಅಯಸ್ಕಾಂತಕ್ಕೆ ಬಳಸುವ ಆಲ್ನಿಕೊ ಮಿಶ್ರಲೋಹದಲ್ಲಿ ಆಲ್ನಿಕೊ 5ರ ಎಳೆತ ಜಾಸ್ತಿ, ಸದ್ದು ಖಡಕ್ಕು. ಆಲ್ನಿಕೊ 2 ಅಥವಾ 3 ಮೆತ್ತಗೆ. ನನ್ನ ಕೈಗೆ ಮೆತ್ತಗಿನದ್ದೇ ಹಿತ. ಆದರೆ ಅದಕ್ಕೂ ಮೊದಲು ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ಕೊನೆಯ ಫ್ರೆಟ್ ಒತ್ತಿ ಹಿಡಿದು ಪಿಕಪ್ಪಿನ ಕಡ್ಡಿಗೂ ತಂತಿಗೂ ನಡುವಿನ ಸಂದು ಅಳೆಯಿರಿ, ಸಣ್ಣ ತಂತಿಯ ಕಡೆ 2 ಮಿ.ಮೀ., ದಪ್ಪ ತಂತಿಯ ಕಡೆ ಸುಮಾರು 2.4. ನನ್ನದು 1 ಕೂಡ ಇರಲಿಲ್ಲ. ಎರಡು ತಿರುಪು ಇಳಿಸಿದ್ದಷ್ಟೇ, ತೊದಲು ಹೋಯಿತು.

ಮೂರನೇ ತಂತಿ ಒಂದೇ ಕಿರುಚುತ್ತಿದೆ ಅಂದರೂ ಗಾಬರಿ ಬೇಡ. 1954ರಲ್ಲಿ ಸ್ಟ್ರಾಟೊಕಾಸ್ಟರ್ ಬಂದಾಗ ಆ ತಂತಿಯ ಮೇಲೆ ಇನ್ನೊಂದು ಸಣ್ಣ ತಂತಿ ಸುತ್ತಿರುತ್ತಿತ್ತು, ಅದಕ್ಕೆ ತಕ್ಕಂತೆ ಅದರ ಕಡ್ಡಿ ಎತ್ತರ. ಈಗ ನಾವು ಹಾಕುವುದು ಬರೀ ತಂತಿ. ಕಡ್ಡಿಗಳೆಲ್ಲ ಒಂದೇ ಮಟ್ಟದಲ್ಲಿರುವ ಪಿಕಪ್ ಆರಿಸಿದರೆ ಆ ಕಾಟವೂ ಇಲ್ಲ.

ನಮ್ಮೂರುಗಳಲ್ಲಿ ಗಿಟಾರ್ ಬಿಚ್ಚಿ ಸರಿ ಮಾಡುವವರು ಎಲ್ಲಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಅಂಥವರನ್ನು ಹುಡುಕಿ ಪುರವಣಿಯಲ್ಲಿ ಬರೆಯಿಸಿ. ನಾನು ಹಳೆಯ ಪಿಕಪ್ಪನ್ನೇ ವಾಪಸ್ ಹಾಕಿಕೊಂಡಿದ್ದೇನೆ. ದುಬಾರಿ ಸೆಟ್ ಡಬ್ಬಿಯಲ್ಲೇ ಇದೆ.

– ಒಬ್ಬ ಓದುಗ, ಶಿವಮೊಗ್ಗ