ಆಂಚೆಲೊಟ್ಟಿಯ ಹುಬ್ಬಲ್ಲ, ಅವರ ನಡು ಮೈದಾನ ನೋಡಿ

ಮಾನ್ಯ ಸಂಪಾದಕರೇ,

ಬ್ರೆಜಿಲ್ ತಂಡದ ಕೋಚ್ ಕಾರ್ಲೊ ಆಂಚೆಲೊಟ್ಟಿ ಅವರ ಬಗ್ಗೆ ತಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹದಲ್ಲಿ ಟ್ರೋಫಿಗಳ ಪಟ್ಟಿ ಸರಿಯಾಗಿಯೇ ಇದೆ. ಆದರೆ ‘ದೊಡ್ಡ ದೊಡ್ಡ ಆಟಗಾರರು ಸಿಕ್ಕರು, ಗೆದ್ದರು, ಗೆರೆಯಾಚೆ ಹುಬ್ಬು ಏರಿಸಿ ನಿಂತರೆ ಸಾಕಿತ್ತು’ ಎಂಬ ಧಾಟಿ ಒಪ್ಪುವಂಥದ್ದಲ್ಲ. ದೊಡ್ಡ ಆಟಗಾರರು ಸಿಕ್ಕಿಯೂ ಕೈಸುಟ್ಟುಕೊಂಡ ಕೋಚ್‌ಗಳಿಗೆ ಯುರೋಪಿನಲ್ಲಿ ಬರವಿಲ್ಲ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಈ ಐದೂ ದೇಶಗಳ ಲೀಗ್ ಗೆದ್ದ ಮೊದಲ ಕೋಚ್ ಇವರು; 2022ರಲ್ಲಿ ಆ ಐದರ ಲೆಕ್ಕ ಪೂರ್ತಿಯಾಯಿತು. ಇವರ ನಿಜವಾದ ಕಸುಬು ಮಿಡ್‌ಫೀಲ್ಡರ್‌ಗಳ ಜಾಗ ಬದಲಿಸುವುದು. ಒಬ್ಬನನ್ನು ಹದಿನೈದು ಮೀಟರ್ ಹಿಂದಕ್ಕೆ ಎಳೆಯುತ್ತಾರೆ, ಇನ್ನೊಬ್ಬನನ್ನು ರೆಕ್ಕೆಯಿಂದ, ಅಂದರೆ ಮೈದಾನದ ಅಂಚಿನಿಂದ, ಒಳಕ್ಕೆ ತರುತ್ತಾರೆ, ಆಟವೇ ಬದಲಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಭಾಗದ ಟೂರ್ನಿಗಳಲ್ಲಿ ತಂಡಗಳು ಹೆಚ್ಚಾಗಿ ಸೋಲುವುದೂ ಈ ನಡುಜಾಗದಲ್ಲೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಅವರ ಆಟದ ದಿನಗಳು. 1959ರಲ್ಲಿ ಉತ್ತರ ಇಟಲಿಯ ರೆಜ್ಜೋಲೊದಲ್ಲಿ, ಹೈನುಗಾರಿಕೆಯ ರೈತರ ಮನೆಯಲ್ಲಿ ಹುಟ್ಟಿದವರು. ಪಾರ್ಮಾದಲ್ಲಿ ಆಡುವಾಗ ಸ್ಟ್ರೈಕರ್‌ಗಳ ಬೆನ್ನಿಗೇ ಇದ್ದು ಗೋಲು ಹೊಡೆಯುತ್ತಿದ್ದರು. 1979ರಲ್ಲಿ ರೋಮಾಕ್ಕೆ ಬಂದಾಗ ಕೋಚ್ ನಿಲ್ಸ್ ಲೀಡ್‌ಹೋಮ್ ಇವರನ್ನು ನಡು ಮೈದಾನಕ್ಕೆ ಎಳೆದರು. 1982–83ರಲ್ಲಿ ರೋಮಾ ಲೀಗ್ ಗೆದ್ದಾಗ ಆಂಚೆಲೊಟ್ಟಿ ಆ ತಂಡದಲ್ಲಿದ್ದರು. ಅಷ್ಟರಲ್ಲಿ ಮೊಣಕಾಲು ಒಮ್ಮೆ ಕೈಕೊಟ್ಟಿತ್ತು, ಮುಂದೆ ಮತ್ತೊಮ್ಮೆ ಕೈಕೊಟ್ಟಿತು. ಆ ಪೆಟ್ಟುಗಳಿಂದ 1982ರ ವಿಶ್ವಕಪ್ ತಪ್ಪಿತು, ರೋಮ್‌ನಲ್ಲೇ ನಡೆದ 1984ರ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್ಲೂ ತಪ್ಪಿತು. ಓಟ ಕುಂದಿದ ಆ ಕಾಲನ್ನೇ ನಂಬಿ 1987ರಲ್ಲಿ ಮಿಲಾನ್ ಕೋಚ್ ಅರಿಗೊ ಸಾಕಿ ಇವರನ್ನು ತಮ್ಮ ತಂಡಕ್ಕೆ ಕರೆಸಿ, ಇನ್ನೂ ಹಿಂದಕ್ಕೆ, ಡಿಫೆಂಡರ್‌ಗಳ ಮುಂದೆ ನಿಲ್ಲಿಸಿದರು. 1989 ಮತ್ತು 1990ರಲ್ಲಿ ಮಿಲಾನ್ ಸತತವಾಗಿ ಯುರೋಪಿಯನ್ ಕಪ್ ಗೆದ್ದಿತು. 1989ರ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಬಿದ್ದ ಐದು ಗೋಲುಗಳಲ್ಲಿ ಮೊದಲನೆಯದು ದೂರದಿಂದ ಆಂಚೆಲೊಟ್ಟಿ ಹೊಡೆದದ್ದು. ಮುಂದೆ ಎಳೆಯ ಅಲ್ಬೆರ್ಟಿನಿಗೆ ಜಾಗ ಬಿಟ್ಟುಕೊಟ್ಟು 1992ರಲ್ಲಿ ಆಟ ನಿಲ್ಲಿಸಿದರು.

ಅಂದರೆ ಎರಡು ಸಲ ಸ್ವತಃ ಹಿಂದಕ್ಕೆ ಸರಿದ ಆಟಗಾರ. ಕಾಲಿನ ವೇಗ ಹೋದಾಗ ನಿಲ್ಲುವ ಜಾಗದಿಂದ ಅದನ್ನು ತುಂಬಿಕೊಳ್ಳುವುದು ಹೇಗೆ ಎಂದು ಮೈಮೇಲೆ ಬಂದು ಕಲಿತವರು.

ಕೋಚ್ ಆದ ಮೊದಲಲ್ಲಿ ಇವರೂ ಮೊಂಡುಹಟದವರೇ. 1994ರ ವಿಶ್ವಕಪ್‌ನಲ್ಲಿ ಸಾಕಿಯವರ ಸಹಾಯಕರಾಗಿದ್ದರು, ಆಮೇಲೆ ರೆಜ್ಜಾನಾ ತಂಡವನ್ನು ಮೇಲಿನ ದರ್ಜೆಗೆ ಏರಿಸಿದರು, 1996ರಲ್ಲಿ ಪಾರ್ಮಾಕ್ಕೆ ಹೋದರು. ಸಾಕಿಯ 4–4–2 (ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್) ಬಿಟ್ಟು ಕದಲಲೊಲ್ಲರು. ಜಾನ್‌ಫ್ರಾಂಕೊ ಜೋಲಾ ಎಂಬ ಅಪ್ಪಟ ಹತ್ತನೇ ನಂಬರಿನವನನ್ನು, ಅಂದರೆ ಸ್ಟ್ರೈಕರ್‌ಗಳ ಹಿಂದಿದ್ದು ದಾಳಿ ಕಟ್ಟುವವನನ್ನು, ಎಡ ಅಂಚಿಗೆ ತಳ್ಳಿದರು. ಅವನು ಅದೇ ವರ್ಷದ ನವೆಂಬರ್‌ನಲ್ಲಿ ಚೆಲ್ಸಿಗೆ ಹೊರಟುಹೋದ. ಮರುವರ್ಷ ರೊಬೆರ್ಟೊ ಬಾಜೊ ಬರಲು ತಯಾರಿದ್ದರೂ ‘ನಮ್ಮ ಆಟದಲ್ಲಿ ಅವನಿಗೆ ಜಾಗವಿಲ್ಲ’ ಎಂದು ಬೇಡವೆಂದರು. ಬಾಜೊ ಬೊಲೊನ್ಯಾಕ್ಕೆ ಹೋಗಿ ಆ ಒಂದೇ ಲೀಗ್‌ನಲ್ಲಿ 22 ಗೋಲು ಹೊಡೆದ. ಜೋಲಾ ಹೋದ 1996–97ರ ಲೀಗ್‌ನಲ್ಲಿ ಪಾರ್ಮಾ ಎರಡನೇ ಸ್ಥಾನಕ್ಕೆ ಬಂದದ್ದು ನಿಜ. ಆದರೂ ಇದು ದೊಡ್ಡ ತಪ್ಪು, ಆಂಚೆಲೊಟ್ಟಿ ಆಮೇಲೆ ತಾವೇ ಒಪ್ಪಿಕೊಂಡದ್ದು. ಯುವೆಂಟಸ್‌ನಲ್ಲಿ ಜಿಡಾನ್ ಸಿಕ್ಕಾಗ ಆಟಗಾರನಿಗಾಗಿ ನಕ್ಷೆ ಬದಲಿಸಿದರು, ನಕ್ಷೆಗಾಗಿ ಆಟಗಾರನನ್ನು ಬಾಗಿಸಲಿಲ್ಲ. ಅಲ್ಲಿ ಲೀಗ್ ದಕ್ಕಲಿಲ್ಲ. ಎರಡು ಸಲ ಎರಡನೇ ಸ್ಥಾನ, ಅದರಲ್ಲಿ 2000ದಲ್ಲಿ ಕೊನೆಯ ದಿನ ಪೆರೂಜಾದ ಮಳೆಯಲ್ಲಿ ಕೈತಪ್ಪಿದ್ದು. ಪಾಠ ಮಾತ್ರ ದಕ್ಕಿತು.

2001ರ ನವೆಂಬರ್‌ನಲ್ಲಿ ಮಿಲಾನ್‌ಗೆ ಕೋಚ್ ಆಗಿ ಮರಳಿದಾಗ ಒಂದೇ ಜಾಗಕ್ಕೆ ಹಲವರು ಇದ್ದರು: ರುಯಿ ಕೋಸ್ಟಾ, ಪಿರ್ಲೊ, ಮರುವರ್ಷದಿಂದ ಸೀಡಾರ್ಫ್, ಆಮೇಲೆ ಕಾಕಾ. ಇಲ್ಲಿ ಮಾಡಿದ್ದನ್ನು ವಿವರವಾಗಿ ನೋಡಬೇಕು. ಹತ್ತನೇ ನಂಬರಿನ ಜಾಗದಲ್ಲಿ ಬೆಳೆದ ಪಿರ್ಲೊನನ್ನು ಇಬ್ಬರು ಸೆಂಟರ್ ಬ್ಯಾಕ್‌ಗಳ (ನಡುವಿನ ಡಿಫೆಂಡರ್‌ಗಳ) ಮುಂದೆ ನಿಲ್ಲಿಸಿದರು. ಬ್ರೆಷಾದಲ್ಲಿ ಮಾಜ್ಜೋನೆ ಇದನ್ನು ಮೊದಲೇ ಮಾಡಿ ನೋಡಿದ್ದರು. ಅದನ್ನು ತಂಡದ ಬೆನ್ನೆಲುಬಾಗಿಸಿದ್ದು ಆಂಚೆಲೊಟ್ಟಿ. ಪಿರ್ಲೊಗೆ ಓಟವಿಲ್ಲ, ಟ್ಯಾಕಲ್ ಅಷ್ಟಕ್ಕಷ್ಟೆ. ಹಾಗಾಗಿ ಬಲಕ್ಕೆ ಗಟ್ಟೂಸೊ, ಎಡಕ್ಕೆ ಸೀಡಾರ್ಫ್. ತುದಿಯಲ್ಲಿ ರುಯಿ ಕೋಸ್ಟಾ, ಆಮೇಲೆ ಕಾಕಾ. ನಮ್ಮ ಹುಡುಗರು ‘ಡೈಮಂಡ್’ ಅನ್ನುವುದು ನಾಲ್ವರು ಮಿಡ್‌ಫೀಲ್ಡರ್‌ಗಳ ಈ ವಜ್ರದ ಆಕಾರವನ್ನೇ. 2003ರ ಚಾಂಪಿಯನ್ಸ್ ಲೀಗ್, 2004ರ ಲೀಗ್ 34 ಪಂದ್ಯಗಳಲ್ಲಿ 82 ಅಂಕಗಳೊಂದಿಗೆ, ಹೀಗೆ ಫಲ ಬಂತು.

ಈ ಡೈಮಂಡ್ ಟಿವಿಯಲ್ಲಿ ಸುಲಭ ಕಾಣುತ್ತದೆ. ನಡೆಯುವ ಬಗೆ ಇಷ್ಟು: ತಳದವನು ಸೆಂಟರ್ ಬ್ಯಾಕ್‌ಗಳಿಂದ 8–10 ಮೀಟರ್ ಮುಂದೆ ಇರಬೇಕು, ಬಾಲಿಗಿಂತ ಮುಂದೆ ಹೋಗಕೂಡದು. ಪಾಸ್ ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡಿರಬೇಕು, ಮೈಯನ್ನು ಅರ್ಧ ತಿರುಗಿಸಿ ದೂರದ ಕಾಲಿನಿಂದ ಬಾಲ್ ತೆಗೆದುಕೊಳ್ಳಬೇಕು. ಇಷ್ಟಾದರೆ ಎರಡನೇ ಸ್ಪರ್ಶಕ್ಕೇ ಬಾಲ್ ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಬಂದ ಕಡೆಗೇ ವಾಪಸ್. ಪಕ್ಕದ ಇಬ್ಬರು ಅವನಿಗಿಂತ 10–12 ಮೀಟರ್ ಮುಂದೆ. ಎದುರಾಳಿ ನಮ್ಮ ಬಲ ಅಂಚಿನಲ್ಲಿ ಬಾಲ್ ಹಿಡಿದರೆ ಬಲದವನು ಹೊರಗೆ ಹೋಗಿ ತಡೆಯುತ್ತಾನೆ, ತಳದವನು ಬಲಕ್ಕೆ ಜಾರುತ್ತಾನೆ, ಎಡದವನು ನಡುವಿಗೆ ಬರುತ್ತಾನೆ, ತುದಿಯವನು ಇಳಿದು ಎದುರಾಳಿಯ ತಳದವನಿಗೆ ಅಂಟಿಕೊಳ್ಳುತ್ತಾನೆ. ನಾಲ್ವರೂ ಒಟ್ಟಿಗೇ ಸರಿಯಬೇಕು. ಒಬ್ಬ ಎರಡು ಸೆಕೆಂಡು ತಡ ಮಾಡಿದರೂ ಅಲ್ಲೊಂದು ಬಾಗಿಲು ತೆರೆದಂತೆ.

ಕೆಡುವುದು ಎಲ್ಲಿ? ಒಂದು, ಆಚೆ ಅಂಚು ಪೂರ್ತಿ ಖಾಲಿ. ಎದುರಾಳಿ ಒಂದು ಉದ್ದನೆಯ ಪಾಸಿನಲ್ಲಿ ಅಲ್ಲಿಗೆ ಬಾಲ್ ಕಳಿಸಿದರೆ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ಒಬ್ಬನೇ ಇಬ್ಬರನ್ನು ಎದುರಿಸಬೇಕು. ಮುಂದಿನ ಇಬ್ಬರು ಸ್ಟ್ರೈಕರ್‌ಗಳು ಆ ಉದ್ದನೆಯ ಪಾಸ್ ಹೊಡೆಯಲು ಸಮಯ ಕೊಡಬಾರದು. ಇನ್ನೊಂದು, ತುದಿಯವನು ಇಳಿಯದೇ ನಿಂತರೆ ತಳದವನ ಮೇಲೆ ಇಬ್ಬರು ಬೀಳುತ್ತಾರೆ. 2005ರ ಚಾಂಪಿಯನ್ಸ್ ಲೀಗ್‌ನ ಇಸ್ತಾಂಬುಲ್ ಫೈನಲ್‌ನಲ್ಲಿ ಇದೇ ಆಯಿತು. ವಿರಾಮಕ್ಕೆ ಮಿಲಾನ್ 3–0. ಲಿವರ್‌ಪೂಲ್ ಕೋಚ್ ಬೆನಿಟೆಜ್ ಫುಲ್ ಬ್ಯಾಕ್ ಫಿನ್ನನ್‌ನನ್ನು ತೆಗೆದು ಹಾಮನ್‌ನನ್ನು ಇಳಿಸಿದರು, ಹಿಂದೆ ಮೂವರನ್ನು ಇಟ್ಟರು, ಜೆರಾರ್ಡ್‌ನನ್ನು ಮುಂದಕ್ಕೆ ಬಿಟ್ಟರು. ನಡುವಿನಲ್ಲಿ ಲಿವರ್‌ಪೂಲ್ ಮಂದಿ ಹೆಚ್ಚಾದರು, ಪಿರ್ಲೊ ಸುತ್ತ ಜಾಗ ಬಿಟ್ಟುಹೋಯಿತು. 54, 56, 60ನೇ ನಿಮಿಷ, ಆರೇ ನಿಮಿಷದಲ್ಲಿ ಮೂರು ಗೋಲು. ಕೊನೆಗೆ ಪೆನಾಲ್ಟಿಯಲ್ಲಿ ಸೋಲು. ಅದೃಷ್ಟವಂತ ಕೋಚ್ ಎನ್ನುವವರು ಈ ರಾತ್ರಿಯನ್ನು ಯಾವ ಖಾತೆಗೆ ಬರೆಯುತ್ತಾರೋ ಗೊತ್ತಿಲ್ಲ.

ಎರಡು ವರ್ಷಕ್ಕೆ ಅಥೆನ್ಸ್ ಫೈನಲ್‌ನಲ್ಲಿ ಅದೇ ಲಿವರ್‌ಪೂಲ್. ಈ ಸಲ ಮುಂದೆ ಇನ್‌ಜಾಗಿ ಒಬ್ಬನೇ. ಒಬ್ಬ ಸ್ಟ್ರೈಕರ್ ಕಡಿಮೆ, ನಡುವಿಗೆ ಒಬ್ಬ ಹೆಚ್ಚು: ಪಿರ್ಲೊ, ಗಟ್ಟೂಸೊ, ಅಂಬ್ರೊಸಿನಿ, ಅವರ ಮುಂದೆ ಸೀಡಾರ್ಫ್, ಕಾಕಾ. ಇಸ್ತಾಂಬುಲ್‌ನಲ್ಲಿ ತೆರೆದಿದ್ದ ಬಾಗಿಲಿಗೆ ಅಂಬ್ರೊಸಿನಿಯೇ ಅಗಳಿ. 2–1ರಿಂದ ಗೆದ್ದರು, ಎರಡೂ ಗೋಲು ಇನ್‌ಜಾಗಿಯದು.

ಮುಂದಿನ ಕಥೆಯನ್ನು ತಮ್ಮ ಬರಹ ಹೇಳಿದೆ, ಬಿಟ್ಟುಹೋದದ್ದನ್ನಷ್ಟೇ ಸೇರಿಸುತ್ತೇವೆ. ಚೆಲ್ಸಿಯಲ್ಲಿ 2009–10ರ ಆರಂಭಕ್ಕೆ ಡೈಮಂಡ್ ಹಾಕಿ, ವರ್ಷ ಕಳೆಯುತ್ತಾ 4–3–3ಕ್ಕೆ ಬಂದರು. ಲೀಗ್‌ನಲ್ಲಿ 103 ಗೋಲು, ಅದರಲ್ಲಿ ಮಿಡ್‌ಫೀಲ್ಡರ್ ಲ್ಯಾಂಪಾರ್ಡ್‌ನದೇ 22. ಮುಂದೆ ತಾವು ಕೋಚ್ ಆದ ರಿಯಲ್ ಮ್ಯಾಡ್ರಿಡ್‌ಗೆ 2013ರಲ್ಲಿ ಬೇಲ್ ಬಂದಾಗ ರೆಕ್ಕೆಯ ಆಟಗಾರ ಡಿ ಮರಿಯಾಗೆ ಜಾಗ ಇಲ್ಲದಾಯಿತು. ಅವನನ್ನು ಎಡ ಮಿಡ್‌ಫೀಲ್ಡರ್ ಮಾಡಿದರು, 2014ರ ಚಾಂಪಿಯನ್ಸ್ ಲೀಗ್‌ನ ಲಿಸ್ಬನ್ ಫೈನಲ್‌ನಲ್ಲಿ 110ನೇ ನಿಮಿಷದಲ್ಲೂ ಓಡುತ್ತಿದ್ದವನು ಅವನೇ, ಅವನು ಹೊಡೆದು ಮರಳಿದ ಬಾಲೇ ಬೇಲ್‌ನ ತಲೆಗೆ ಸಿಕ್ಕು ಗೋಲಾದದ್ದು. ಅದೇ ಚಾಂಪಿಯನ್ಸ್ ಲೀಗ್‌ನ 2022ರ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ಮಿಡ್‌ಫೀಲ್ಡರ್‌ಗಳಾದ ಕ್ರೂಸ್, ಮೋಡ್ರಿಚ್, ಕಾಸೆಮಿರೊ ಮೂವರನ್ನೂ 75ನೇ ನಿಮಿಷದೊಳಗೆ ಹೊರಗೆ ಕರೆದರು. ಅಂಥ ಮೂವರನ್ನು ಒಟ್ಟಿಗೆ ಕೂರಿಸಲು ಗುಂಡಿಗೆ ಬೇಕು. ಬದಲಿಗೆ ಬಂದ ರೊಡ್ರಿಗೊ ಪಂದ್ಯದ ಕೊನೆಯಲ್ಲಿ ಒಂದರ ಹಿಂದೆ ಒಂದು ಎರಡು ಗೋಲು ಹೊಡೆದ. 2023–24ರಲ್ಲಿ ಸ್ಟ್ರೈಕರ್ ಬೆಂಜೆಮಾ ಹೋದಾಗ ಬೆಲಿಂಗ್‌ಹ್ಯಾಮ್ ಡೈಮಂಡ್‌ನ ತುದಿಗೆ ಬಂದ, ಲೀಗ್‌ನಲ್ಲೇ 19 ಗೋಲು ಗಳಿಸಿದ; ಎದುರಾಳಿ ಬಳಿ ಬಾಲ್ ಇದ್ದಾಗ ಅದೇ ಬೆಲಿಂಗ್‌ಹ್ಯಾಮ್ ಎಡ ಅಂಚಿಗೆ ಇಳಿದು 4–4–2 ಆಗುತ್ತಿತ್ತು. ಡೈಮಂಡ್‌ನ ಅಂಚಿನ ರೋಗಕ್ಕೆ ಇದು ಮದ್ದು.

ಇನ್ನು ನಮ್ಮ ಕಡೆ. ಇಲ್ಲಿಯ ತಂಡಗಳಲ್ಲಿ ಚುರುಕಾದ ಹುಡುಗನನ್ನು ಸ್ಟ್ರೈಕರ್ ಮಾಡುವುದು, ಮಂದ ಇದ್ದವನನ್ನು ಹಿಂದೆ ಹಾಕುವುದು, ನಡುವಿಗೆ ಉಳಿದವರು ಎಂಬ ಪದ್ಧತಿ ಇದೆ. ಗೋಲಿ ಉದ್ದಕ್ಕೆ ಒದೆಯುತ್ತಾನೆ, ಗಟ್ಟಿ ನೆಲದ ಮೇಲೆ ಬಾಲ್ ಆಳೆತ್ತರ ಪುಟಿಯುತ್ತದೆ, ಕೆಳಗೆ ಬಂದ ಬಾಲ್ ಎತ್ತಿಕೊಳ್ಳಲು ನಡುವಿನಲ್ಲಿ ಯಾರೂ ಇರುವುದಿಲ್ಲ. ಡಿಫೆಂಡರ್‌ಗಳಿಗೂ ಸ್ಟ್ರೈಕರ್‌ಗಳಿಗೂ ನಡುವೆ ಐವತ್ತು ಮೀಟರ್ ಬಯಲು. ಸಾಕಿಯ ಮಿಲಾನ್‌ನಲ್ಲಿ ಈ ಅಂತರ 25–30 ಮೀಟರ್ ದಾಟುತ್ತಿರಲಿಲ್ಲ. ಚುರುಕಾದ, ತಲೆ ಎತ್ತಿ ಆಡುವ ಹುಡುಗನನ್ನು ತಳಕ್ಕೆ ತನ್ನಿ. ಗೋಲಿಯಿಂದ ಗಿಡ್ಡ ಪಾಸ್ ಅವನಿಗೇ ಹೋಗಲಿ.

ಅಭ್ಯಾಸಕ್ಕೆ ದುಡ್ಡು ಬೇಕಿಲ್ಲ. ಹತ್ತು ಮೀಟರಿನ ಚೌಕ, ಅಂಚಿಗೆ ನಾಲ್ವರು, ಒಳಗೆ ಬಾಲ್ ಕಸಿಯಲು ಇಬ್ಬರು, ಒಬ್ಬನಿಗೆ ಎರಡೇ ಸ್ಪರ್ಶ. ಹುಡುಗರು ಎಲ್ಲರೂ ಬಾಲಿನ ಕಡೆಗೇ ಓಡಿದರೆ ಚೌಕ ಹಿಗ್ಗಿಸಬೇಡಿ, ಸ್ಪರ್ಶವನ್ನೂ ಹೆಚ್ಚಿಸಬೇಡಿ. ನಿಲ್ಲಿಸಿ ಜಾಗ ತೋರಿಸಿ. ಆಮೇಲೆ ನಾಲ್ವರು ಮಿಡ್‌ಫೀಲ್ಡರ್‌ಗಳನ್ನು ಡೈಮಂಡ್‌ನಲ್ಲಿ ನಿಲ್ಲಿಸಿ ಕೋಚ್ ಬಾಲ್ ಕೈಯಲ್ಲಿ ಹಿಡಿದು ಬಲ ಅಂಚು, ನಡು, ಎಡ ಅಂಚು ಎಂದು ಸರಿಯಲಿ, ನಾಲ್ವರೂ ಜೊತೆಗೇ ಸರಿಯಲಿ: ಹತ್ತು ನಿಮಿಷ ನಡೆಯುತ್ತಾ, ಆಮೇಲೆ ಓಡುತ್ತಾ. ಸಾಕಿ ಬಾಲೇ ಇಲ್ಲದೆ ಇದನ್ನು ಮಾಡಿಸುತ್ತಿದ್ದರು. ಕೋನ್ ಇಲ್ಲದಿದ್ದರೆ ಸುಣ್ಣದ ಗೆರೆ ಸಾಕು; ಇಟ್ಟಿಗೆ ಇಡಬೇಡಿ, ಯಾರದಾದರೂ ಕಾಲು ಉಳುಕುತ್ತದೆ.

ಬಾಲಿನ ಗಾಳಿ ಬಗ್ಗೆ ಒಂದು ಮಾತು. ಐದನೇ ಸೈಜಿನ ಬಾಲಿಗೆ ನಿಯಮದ ಪ್ರಕಾರ 8.5ರಿಂದ 15.6 ಪಿಎಸ್‌ಐವರೆಗೆ (ಗಾಳಿಯ ಒತ್ತಡದ ಅಳತೆ) ಅವಕಾಶವಿದೆ. ಸೈಕಲ್ ಅಂಗಡಿಯಲ್ಲಿ ಕಲ್ಲಿನಂತೆ ತುಂಬಿಸಿ ತಂದರೆ ನಮ್ಮ ಒಣ ನೆಲದಲ್ಲಿ ಯಾವ ಪಾಸೂ ಕಾಲಿಗೆ ಕೂರುವುದಿಲ್ಲ. ಒಂಬತ್ತರ ಆಸುಪಾಸಿನಲ್ಲಿ ಇಡಿ. ಏಪ್ರಿಲ್–ಮೇ ತಿಂಗಳ ಬಿಸಿಲಲ್ಲಿ ಟೂರ್ನಿ ಇದ್ದರೆ ಡೈಮಂಡ್‌ನ ಪಕ್ಕದ ಇಬ್ಬರ ಮೇಲೆ ಓಟದ ಭಾರ ಬಹಳ. 60ನೇ ನಿಮಿಷಕ್ಕೆ ಅವರಿಬ್ಬರ ಬದಲಿಗಳು ಸಿದ್ಧವಿರಬೇಕು. ಬದಲಿ ಇಲ್ಲದ ತಂಡ 4–4–2 ಆಡುವುದೇ ಕ್ಷೇಮ.

ಇವೆಲ್ಲ ದೂರದ ಇಟಲಿಯ ಮಾತು ಅನ್ನಿಸಬೇಕಿಲ್ಲ. 1956ರವರೆಗೆ ನಮ್ಮ ಜಿಲ್ಲೆಗಳು ಇದ್ದ ಹೈದರಾಬಾದ್ ರಾಜ್ಯದ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಂ ಅವರ ಕೈಕೆಳಗೆ ಭಾರತ ಅದೇ ವರ್ಷ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದಾಯಿತು, 1962ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತು.

ಕೊನೆಗೆ ಪತ್ರಿಕೆಗೊಂದು ವಿನಂತಿ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಪಂದ್ಯವಾಗಲಿ, ತಾಲ್ಲೂಕಿನ ಪಂದ್ಯವಾಗಲಿ, ವರದಿಯಲ್ಲಿ ಗೋಲು ಹೊಡೆದವರ ಹೆಸರು ಮತ್ತು ಬಹುಮಾನ ವಿತರಿಸಿದ ಗಣ್ಯರ ಹೆಸರು ಮಾತ್ರ ಇರುತ್ತವೆ. ಗಣ್ಯರ ಸಾಲು ಒಂದೆರಡು ಕಡಿಮೆ ಮಾಡಿ ಹನ್ನೊಂದು ಜನ ಯಾವ ಜಾಗದಲ್ಲಿ ಆಡಿದರು, ಪಾಸ್ ಕೊಟ್ಟವರು ಯಾರು, ಯಾವ ನಿಮಿಷಕ್ಕೆ ಯಾರ ಬದಲಿಗೆ ಯಾರು ಬಂದರು ಎಂಬುದನ್ನು ಅಚ್ಚು ಹಾಕಿ.

— ಫುಟ್‌ಬಾಲ್ ಆಸಕ್ತ ಓದುಗರು, ಬ್ರಹ್ಮಪುರ, ಕಲಬುರಗಿ